ಸೊಸೆಯ ಕೈಯಡುಗೆ

"ವಿಷ ಅಂತ ಬರೀರಿ ಡಾಕ್ಟ್ರಮ್ಮ. ಹಾಕಿದೋಳು ಇವಳೇ ಅಂತಾನೂ ಬರೀರಿ," ಎಂದು ದೊಡ್ಡತಾಯಮ್ಮ ಸೊಸೆಯತ್ತ ಬೆರಳು ತೋರಿಸಿದಳು.

ಅವಳ ಮಗ ತಿಂಗಳುಗಟ್ಟಲೆ ಹೊಟ್ಟೆನೋವಿನಿಂದ ನರಳಿ ಬಿಳಿಚಿಕೊಂಡಿದ್ದ. ಅವನ ಒಸಡಿನ ಅಂಚಿನಲ್ಲಿ ನೀಲಿ ಗೆರೆ ಕಂಡು ಅನುಮಾನಗೊಂಡ ವೈದ್ಯೆ, ಮನೆಯ ಮೂವರ ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದಳು. ಮಗನ ರಕ್ತದಲ್ಲಿ ಮಾತ್ರ ವಿಪರೀತ ಸೀಸ ಸಿಕ್ಕಿತ್ತು.

"ಇದು ಒಂದು ದಿನದ್ದಲ್ಲ. ಬಹಳ ಕಾಲದಿಂದ ಸ್ವಲ್ಪಸ್ವಲ್ಪವೇ ಮೈಯೊಳಗೆ ಸೇರಿದೆ. ಅಷ್ಟನ್ನ ಬರೀತೀನಿ. ಯಾರು ಹಾಕಿದ್ರು ಅಂತ ನಾನು ಬರೆಯೋಕಾಗಲ್ಲ."

"ಅಡುಗೆ ಮಾಡೋಳು ಇವಳು. ಇನ್ಯಾರು ಹಾಕ್ತಾರೆ? ಇವಳ ರಕ್ತ ಮಾತ್ರ ಹೆಂಗೆ ಚೊಕ್ಕಟವಾಗೈತೆ ನೋಡಿ!"

"ಅತ್ತೆ, ನಾನು ಮಾಡಿದ್ದನ್ನೇ ನೀವೂ ಉಣ್ತೀರಲ್ಲ," ಎಂದಳು ಸೊಸೆ.

"ಬಾಯಿ ಮುಚ್ಚೆ! ಅದೇನಿದ್ರೂ ಪೊಲೀಸ್ ಠಾಣೇಲಿ ಹೇಳ್ಕೊಳೀವಂತೆ."

ಗಂಡ ನೆಲ ನೋಡುತ್ತ ಕುಳಿತಿದ್ದ. ವಿಷದ ಮಾತು ಕಿವಿಗೆ ಬಿದ್ದಾಗಿನಿಂದ ಅವನು ಹೆಂಡತಿ ಕೊಟ್ಟ ನೀರನ್ನೂ ಮುಟ್ಟುತ್ತಿರಲಿಲ್ಲ.

ವೈದ್ಯೆ ಪೆನ್ನು ಕೆಳಗಿಟ್ಟಳು. "ಅಮ್ಮಾ, ನಿಮ್ಮ ಮಗ ಒಬ್ಬರೇ ತಿನ್ನೋದು, ನೀವಿಬ್ರೂ ಬಾಯಿಗೆ ಹಾಕ್ಕೊಳ್ದೇ ಇರೋದು, ಮನೇಲಿ ಏನಾದ್ರೂ ಇದೆಯಾ?"

ದೊಡ್ಡತಾಯಮ್ಮನ ಮುಖ ಹೆಮ್ಮೆಯಿಂದ ಅರಳಿತು.

"ಐತಲ್ಲ, ಶಕ್ತಿ ಬರೋ ಭಸ್ಮ! ನಾಟಿ ವೈದ್ಯರ ಹತ್ರ ತಂದು, ದಿನಾ ಬೆಳಿಗ್ಗೆ ಜೇನಲ್ಲಿ ಕಲಸಿ ನನ್ನ ಕೈಯಾರೆ ತಿನ್ನಿಸ್ತೀನಿ. ಇವಳು ಮುಟ್ಟಬಾರ್ದು ಅಂತ ಡಬ್ಬೀನ ಬೀಗ ಹಾಕಿ ಮಡಗಿವ್ನಿ."