ನಾಲ್ಕನೆಯ ಜೋಡು

ನಾಯಿ ಬೊಗಳಿದ್ದು ಕೇಳಿ ಫೆತಿಯೆ ಬಾಗಿಲಿಗೆ ಓಡಿ ಬರುವಷ್ಟರಲ್ಲಿ ಜರ್ಮನ್ ಅಧಿಕಾರಿ ಅಂಗಳ ದಾಟಿ, ಕೆಸರು ಮೆತ್ತಿದ ಬೂಟಿನಲ್ಲೇ ಹೊಸ್ತಿಲು ತುಳಿದು ಒಳಗೆ ನುಗ್ಗಿಯಾಗಿತ್ತು. ಅವನ ಹಿಂದೆ ದುಭಾಷಿಯಾಗಿ ಬಂದಿದ್ದ ಪೊಲೀಸಿನವನು ಕೆಳಗಿನ ಪೇಟೆಯವನು, ನಮ್ಮವನೇ. ಎಷ್ಟೇ ಕೆಟ್ಟುಹೋದರೂ ಅಲ್ಬೇನಿಯಾದವನು ಇನ್ನೊಬ್ಬರ ಮನೆಯೊಳಕ್ಕೆ ಬೂಟು ಹಾಕಿಕೊಂಡು ಹೋಗುವುದಿಲ್ಲ. ಅವನು ಬೂಟು ಕಳಚಿ, ಬದಿಗಿಡಲು ಬಗ್ಗಿದವನು, ಬಗ್ಗಿದಂತೆಯೇ ನಿಂತ.

ಅವನ ಕಣ್ಣು ಹೋದಲ್ಲಿಗೆ ಫೆತಿಯೆಯ ಕಣ್ಣೂ ಹೋಯಿತು. ಹೊಸ್ತಿಲ ಪಕ್ಕದಲ್ಲಿ ನಾಲ್ಕು ಜೊತೆ ತೊಗಲಿನ ಜೋಡು ಸಾಲಾಗಿದ್ದವು. ಅಪ್ಪನದು, ಅಮ್ಮನದು, ತನ್ನದು, ಕೊನೆಗೆ ಲೂನಾಳದು. ಮೊದಲ ಮೂರರ ಮೂತಿ ಮನೆಯ ಕಡೆಗಿತ್ತು. ನಾಲ್ಕನೆಯದರ ಮೂತಿ ರಸ್ತೆಯ ಕಡೆಗಿತ್ತು.

ಅತಿಥಿ ಜೋಡು ಕಳಚಿ ಒಳಗೆ ಹೋದರೆ, ಹೊರಡುವಾಗ ಸಲೀಸಾಗಿ ಕಾಲು ತೂರಿಸಲಿ ಎಂದು ಅದನ್ನು ರಸ್ತೆಯ ಕಡೆಗೆ ತಿರುಗಿಸಿಡುವುದು ಮನೆಮಗಳ ಕೆಲಸ. ಮನೆಯವರ ಜೋಡನ್ನು ಯಾರೂ ತಿರುಗಿಸುವುದಿಲ್ಲ. ಬೆಲ್‌ಗ್ರೇಡಿನಲ್ಲಿ ಯೆಹೂದಿಗಳನ್ನು ಹಿಡಿಹಿಡಿದು ಕೊಲ್ಲುವಾಗ ತಪ್ಪಿಸಿಕೊಂಡು, ಬೆಟ್ಟ ಹತ್ತಿ ಬಂದ ಹುಡುಗಿ ಲೂನಾ. ನಿನ್ನನ್ನು ಕಾಪಾಡುತ್ತೇನೆ ಎಂದು ಅಪ್ಪ ಅವಳಿಗೆ ಭಾಷೆ ಕೊಟ್ಟ ದಿನವೇ ಅಮ್ಮ ಫೆತಿಯೆಯ ಕಿವಿ ಹಿಂಡಿದ್ದಳು. "ಇವತ್ತಿಂದ ಇವಳು ನಿನ್ನ ತಂಗಿ. ಇವಳ ಜೋಡು ಗೀಡು ತಿರುಗಿಸಿದ್ಯೋ, ನೋಡು ಮತ್ತೆ!" ಎರಡು ತಿಂಗಳು ಫೆತಿಯೆ ನೆನಪಿಟ್ಟುಕೊಂಡಿದ್ದಳು. ಇವತ್ತು ಬೆಳಿಗ್ಗೆ ಹೊಸ್ತಿಲು ಗುಡಿಸುವಾಗ ತಲೆ ಎಲ್ಲೋ ಇತ್ತು. ಏಳನೆಯ ವಯಸ್ಸಿನಿಂದ ಪಳಗಿದ ಕೈ ತನ್ನ ಪಾಡಿಗೆ ತಾನು ಅತಿಥಿ ಮರ್ಯಾದೆ ಮಾಡಿಬಿಟ್ಟಿತ್ತು.

ಜರ್ಮನ್ನನಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಪೊಲೀಸಿನವನಿಗೆ ಮಾತ್ರ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಈಗ ಫೆತಿಯೆ ಬಗ್ಗಿ ಆ ಜೋಡನ್ನು ತಿರುಗಿಸಿದರೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ. ಅವನು ಅವಳ ಮುಖವನ್ನೊಮ್ಮೆ ನೋಡಿ ತನ್ನ ಬೂಟನ್ನು ಅಲ್ಲೇ ಬಿಟ್ಟು ಒಳಗೆ ಹೋದ. ಅದರ ಮೂತಿಯೂ ಮನೆಯ ಕಡೆಗೇ ಇತ್ತು. ಫೆತಿಯೆ ಅದನ್ನು ಮುಟ್ಟಲಿಲ್ಲ. ಜರ್ಮನ್ನರಿಗೆ ದಾರಿ ತೋರಿಸಿಕೊಂಡು ಬಂದವನು ಎಂಥ ಅತಿಥಿ?

ಒಳಗೆ ಒಲೆಯ ಮುಂದೆ ಅಮ್ಮ ಮತ್ತು ಲೂನಾ ಉಣ್ಣೆ ಬಾಚುತ್ತಿದ್ದರು. ಅಪ್ಪ ಎದ್ದು ನಿಂತಿದ್ದ.

"ಮನೇಲಿ ಎಷ್ಟು ಜನ, ರಮೀಜಣ್ಣ?" ಪೊಲೀಸಿನವನು ಕೇಳಿದ.

"ನಾಲ್ಕು. ನಾನು, ನನ್ನ ಹೆಂಡ್ತಿ, ಇಬ್ಬರು ಹೆಣ್ಣುಮಕ್ಕಳು."

"ಅತಿಥಿಗಳು?"

"ಯಾರೂ ಇಲ್ಲ."

"ಸರಿಯಾಗಿ ಯೋಚ್ನೆ ಮಾಡಿ ಹೇಳಣ್ಣ. ನಿನ್ನ ಮನೇಲಿ ಅತಿಥಿ ಇಲ್ಲ ಅಂದ್ರೆ ಯಾರು ನಂಬ್ತಾರೆ?"

"ಮೆಕ್ಕೆಜೋಳದ ರೊಟ್ಟಿಗೂ ತತ್ವಾರ ಆಗಿರೋ ಕಾಲ. ಯಾರಪ್ಪ ಬರ್ತಾರೆ?" ಎಂದ ಅಪ್ಪ. ಅವನ ದನಿ ಅಲುಗಲಿಲ್ಲ.

ಜರ್ಮನ್ನನು ಲೂನಾಳ ಕಡೆಗೆ ಬೆರಳು ಮಾಡಿ ಏನೋ ಕೇಳಿದ.

"ಇವಳ್ಯಾಕೆ ಅಕ್ಕನ ಥರ ಇಲ್ಲ ಅಂತ ಕೇಳ್ತಿದ್ದಾರೆ."

ಅಮ್ಮ ಉಣ್ಣೆಯಿಂದ ತಲೆ ಎತ್ತಲಿಲ್ಲ. "ಚಿಕ್ಕೋಳು ನನ್ನ ತವರಿನ ಕಡೆ ಹೋಲಿಕೆ. ದೊಡ್ಡೋಳು ಅಪ್ಪನ ಮೂಗು ಹೊತ್ಕೊಂಡು ಹುಟ್ಟಿದ್ದಾಳೆ. ಅದಕ್ಕೇ ಇನ್ನೂ ಒಂದು ಗಂಡೂ ಇತ್ತ ಸುಳಿದಿಲ್ಲ ಅಂತ ಹೇಳು."

ಪೊಲೀಸಿನವನ ಮೀಸೆಯಡಿಯಲ್ಲಿ ನಗು ಇಣುಕಿ ಹೋಯಿತು. ಅವನು ಅಧಿಕಾರಿಯತ್ತ ತಿರುಗಿ ಜರ್ಮನ್ ಭಾಷೆಯಲ್ಲಿ ಮಾತನಾಡತೊಡಗಿದ. ಮಾತು ಉದ್ದವಾಯಿತು. ತಾಯಿ ಹೇಳಿದ್ದಕ್ಕಿಂತ ಬಹಳ ಉದ್ದವಾಯಿತು ಎಂದು ಫೆತಿಯೆಗೆ ಅನ್ನಿಸಿತು. ಯೆಹೂದಿಯನ್ನು ಬಚ್ಚಿಟ್ಟರೆ ಮನೆಗೆ ಬೆಂಕಿ, ಮನೆಯವರಿಗೆ ಗುಂಡು. ಪಕ್ಕದ ಕಣಿವೆಯಲ್ಲಿ ಹೋದ ವಾರವಷ್ಟೇ ಹಾಗೆ ಆಗಿತ್ತು. ಅಪ್ಪನ ಭಾಷೆ, ಅಮ್ಮನ ಧೈರ್ಯ, ಲೂನಾಳ ಜೀವ, ಎಲ್ಲವನ್ನೂ ತನ್ನ ಹಾಳು ಕೈ ಹೊಸ್ತಿಲ ಮೇಲೆ ತಂದಿಟ್ಟಿದೆ. ಆ ಕೈಯನ್ನು ಕಡಿದು ಒಲೆಗೆ ಹಾಕಬೇಕು ಅನ್ನಿಸಿತು ಅವಳಿಗೆ.

ಅಧಿಕಾರಿ ಪೆಟ್ಟಿಗೆ ತೆರೆಸಿದ, ಅಟ್ಟದ ಹುಲ್ಲಿಗೆ ಬಂದೂಕಿನ ಮೊನೆಯಿಂದ ತಿವಿದ, ಏನೂ ಸಿಗದೆ ಅಟ್ಟ ಇಳಿಯತೊಡಗಿದ. ಅವನಿಗಿಂತ ಮೊದಲು ಪೊಲೀಸಿನವನು ಹೊರಗೆ ಬಂದು ಹೊಸ್ತಿಲ ಮೇಲೆ ಕುಳಿತ. ತಾನು ಬಿಟ್ಟುಹೋದಂತೆಯೇ ಇದ್ದ ಬೂಟನ್ನು ನೋಡಿದ. ಬಾಗಿಲ ಪಕ್ಕ ನಿಂತಿದ್ದ ಫೆತಿಯೆಯನ್ನು ನೋಡಿದ. ಆಮೇಲೆ ತನ್ನ ಅಗಲವಾದ ಬೆನ್ನನ್ನು ಒಳಗಿನವರಿಗೆ ಅಡ್ಡಮಾಡಿ, ಕೈ ಚಾಚಿ, ಲೂನಾಳ ಜೋಡನ್ನು ಮೆಲ್ಲಗೆ ಮನೆಯ ಕಡೆಗೆ ತಿರುಗಿಸಿಟ್ಟ.

"ಥೂ, ಎಂಥಾ ಮನೆನಪ್ಪ ಇದು!" ಎಂದು ಮರುಕ್ಷಣವೇ ಗಟ್ಟಿಯಾಗಿ ಕೂಗಾಡಿದ. "ಬಂದೋನ ಬೂಟು ತಿರುಗಿಸಿಡೋಕೂ ಗತಿಯಿಲ್ಲ! ಇವರ ಮನೆಗೆ ಯಾವ ಅತಿಥಿ ಬಂದಾನು?"

ಹಿಂದೆ ಬಂದ ಅಧಿಕಾರಿ ಏನದು ಎಂಬಂತೆ ಹುಬ್ಬು ಹಾರಿಸಿದ. ಪೊಲೀಸಿನವನು ಅದನ್ನೇ ಅವನ ಭಾಷೆಯಲ್ಲಿ ಹೇಳಿರಬೇಕು. ಅಧಿಕಾರಿ ನಕ್ಕು, ಜೋಡುಗಳನ್ನು ದಾಟಿಕೊಂಡು ಅಂಗಳಕ್ಕಿಳಿದ.

ಫೆತಿಯೆ ನೆಲಕ್ಕೆ ಮಂಡಿಯೂರಿದಳು. ಪೊಲೀಸಿನವನ ಬೂಟುಗಳನ್ನು ಎರಡೂ ಕೈಯಲ್ಲಿ ಎತ್ತಿ, ರಸ್ತೆಯ ಕಡೆಗೆ ತಿರುಗಿಸಿ, ಅವನ ಕಾಲ ಬುಡದಲ್ಲಿಟ್ಟಳು. ಕಣ್ಣೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಅವನು ಕಾಲು ತೂರಿಸಿ, ಲಾಡಿ ಬಿಗಿಯುತ್ತಾ, ತಲೆ ಎತ್ತದೆ ಮೆತ್ತಗೆ ಹೇಳಿದ:

"ಹೊರಗಿನೋರದ್ದು ಮಾತ್ರ ತಿರುಗಿಸಬೇಕು, ಮಗಳೇ. ತಂಗಿದಲ್ಲ."