ಗಂಡ ಹಾಕಿಕೊಟ್ಟ ಆಟ

ಮದುವೆಯಾಗಿ ವರ್ಷ ತುಂಬಿದ ದಿನ ಗಂಡ ಅವಳ ಲ್ಯಾಪ್‌ಟಾಪಿಗೊಂದು ಆಟ ಹಾಕಿಕೊಟ್ಟಿದ್ದ. ಅದನ್ನು ತೆರೆದಾಗಲೆಲ್ಲ ಆಂಟಿವೈರಸ್ ಕೆಂಪು ಪೆಟ್ಟಿಗೆ ತೋರಿಸಿ ಬಡಿದುಕೊಳ್ಳುತ್ತಿತ್ತು.

"ಆಟ ಅಂದ್ರೆ ಸಾಕು, ಅದು ಸುಮ್‌ಸುಮ್ನೆ ಬೊಗಳುತ್ತೆ. ಅಲೌ ಅಂತ ಒತ್ತು" ಎಂದಿದ್ದ. ಅವಳು ಒತ್ತುತ್ತಿದ್ದಳು.

ಅಕ್ಕನಿಗೆ ಮಾತ್ರ ಇಮೇಲಿನಲ್ಲಿ ಬರೆದುಕೊಂಡ ಸಣ್ಣಪುಟ್ಟ ಆಸೆಗಳೂ ಅವನಿಗೆ ಹೇಗೋ ತಿಳಿದುಬಿಡುತ್ತಿದ್ದವು. ಮನಸ್ಸು ಓದುವ ಗಂಡ ಎಂದು ಮೊದಮೊದಲು ಹಿಗ್ಗಿದ್ದಳು. ಗುಟ್ಟಾಗಿ ಕೆಲಸಕ್ಕೆ ಅರ್ಜಿ ಹಾಕಿದ್ದೂ ಅವನಿಗೆ ತಿಳಿದು ಮನೆಯಲ್ಲಿ ರಂಪವಾದ ಮೇಲೆ, ಲ್ಯಾಪ್‌ಟಾಪನ್ನು ರಿಪೇರಿ ಅಂಗಡಿಗೆ ಒಯ್ದಳು.

"ಇದು ಸುಳ್ಳು ಅಲಾರಂ ಅಲ್ಲ ಮೇಡಂ. ಆಟದ ಜೊತೆ ಇನ್ನೊಂದು ಸೇರ್ಕೊಂಡಿದೆ. ನೀವು ಟೈಪ್ ಮಾಡಿದ್ದೆಲ್ಲ ಈ ಇಮೇಲಿಗೆ ಹೋಗ್ತಿದೆ. ಯಾರದು, ಗೊತ್ತಾ?"

ಗಂಡನ ಇಮೇಲು.

"ತೆಗೆದುಬಿಡ್ಲಾ?"

"ಬೇಡ, ಇರಲಿ ಬಿಡಿ."

ಮರುದಿನ ಅವನು ಆಫೀಸಿಗೆ ಹೋದ ಮೇಲೆ ಆಟ ತೆರೆದಳು. ಕೆಂಪು ಪೆಟ್ಟಿಗೆ ಬಂತು. ಅಲೌ ಒತ್ತಿ, ಅಕ್ಕನಿಗೆ ಬರೆಯತೊಡಗಿದಳು: "ಕೆಲಸದ ಹುಚ್ಚು ಬಿಟ್ಟೋಯ್ತು ಕಣಕ್ಕಾ. ಇವ್ರ ಜೊತೆ ತುಂಬಾ ಸುಖವಾಗಿದ್ದೀನಿ. ಸಂಜೆಗೆ ಇವ್ರಿಗಿಷ್ಟ ಅಂತ ಹೋಳಿಗೆ ಮಾಡ್ತಿದ್ದೀನಿ."

ಪಕ್ಕದಲ್ಲೇ ಕೂತಿದ್ದ ಅಕ್ಕ, ಅವಳ ಕೊನೆಯ ಸೀರೆಯನ್ನೂ ಮಡಚಿ ಸೂಟ್‌ಕೇಸಿಗೆ ತುಂಬಿದಳು.