ಕರಗದೆ ಉಳಿದದ್ದು

ಪೊಲಿಕ್ಸೇನಿ ಮೇಜಿನ ಮೇಲೆ ಮೊದಲು ಪಾದ್ರಿಯ ಪತ್ರವನ್ನಿಟ್ಟಳು. ಅದರ ಪಕ್ಕದಲ್ಲಿ ವೈನಿನ ಒಂದು ಸಣ್ಣ ಸೀಸೆ, ಮಡಿಸಿದ ಬಿಳಿಯ ಬಟ್ಟೆ.

“ನನ್ನ ಮಗ ಸ್ತ್ರಾತಿಸನ ಮಾಂಸ ನಿಮ್ಮ ಹತ್ತಿರ ಇದೆಯಂತಲ್ಲ, ಕೊಟ್ಟುಬಿಡು. ಸಂಜೆ ಹಡಗಿಗೆ ನಾನು ದ್ವೀಪಕ್ಕೆ ವಾಪಸ್ಸು ಹೋಗಬೇಕು.”

ಡಾಕ್ಟರ್ ಮೆಲ್ಪೊ ಕನ್ನಡಕ ತೆಗೆದಳು. ಅಥೆನ್ಸಿನ ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕುಳಿತು ರೋಗಿಗಳ ಸ್ನಾಯುವಿನ ಚೂರುಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಚೂರುಗಳು ಬರುತ್ತಿದ್ದವು, ಮನುಷ್ಯರು ಬರುತ್ತಿರಲಿಲ್ಲ.

“ಅಮ್ಮ, ನಾನು ಫೋನಲ್ಲಿ ಕೇಳಿದ್ದು ನಿಮ್ಮ ಒಪ್ಪಿಗೆ. ಒಂದು ಸಹಿ ಹಾಕಿ ಕಳಿಸಿದ್ರೆ ಸಾಕಿತ್ತು.”

“ಹನ್ನೆರಡು ವರ್ಷ ಯಾಕೆ ಬಾಯಿಬಿಡಲಿಲ್ಲ?”

“ಆಗ ನಾನಿನ್ನೂ ಶಾಲೇಲಿದ್ದೆ.”

“ಈಗಲೂ ಹಾಗೇ ಕಾಣ್ತೀಯ. ಊಟ ಮಾಡ್ತೀಯೋ, ಬರೀ ಕಾಫಿ ಕುಡ್ಕೊಂಡಿರ್ತೀಯೋ?” ಎನ್ನುತ್ತ ಪೊಲಿಕ್ಸೇನಿ ಕುರ್ಚಿ ಎಳೆದುಕೊಂಡು ಕುಳಿತಳು.

ಸ್ತ್ರಾತಿಸ್ ತೀರಿಕೊಂಡ ಮೂರನೆಯ ವರ್ಷ, ಊರಿನ ಪದ್ಧತಿಯಂತೆ ಗೋರಿ ತೆಗೆದಾಗ ಒಳಗೆ ಮೂಳೆಗಳಷ್ಟೇ ಉಳಿದಿದ್ದವು, ಜೇನುಮೇಣದ ಬಣ್ಣದವು. ಒಂದೊಂದನ್ನೂ ಅವಳೇ ವೈನಿನಲ್ಲಿ ತೊಳೆದು ಪೆಟ್ಟಿಗೆಯಲ್ಲಿಟ್ಟಿದ್ದಳು. ಮಾಂಸವೆಲ್ಲ ಕರಗಿದೆ, ಹುಡುಗನ ಆತ್ಮಕ್ಕೆ ಬಿಡುಗಡೆಯಾಯಿತು ಎಂದು ನೆರೆದ ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡರು. ಕರಗದೆ ಉಳಿದರೆ ಯಾವುದೋ ಪಾಪ ಆತ್ಮವನ್ನು ಹಿಡಿದಿಟ್ಟುಕೊಂಡಿದೆ ಎಂದರ್ಥ. ಆ ನೆಮ್ಮದಿಯಲ್ಲೇ ಅವಳು ಎಂಟು ವರ್ಷ ದೀಪ ಹಚ್ಚಿದ್ದಳು. ಹೋದ ವಾರ ಈ ಹುಡುಗಿಯ ಫೋನು ಬಂತು: ರೋಗ ಗುರುತಿಸಲೆಂದು, ಸಾಯುವ ಹಿಂದಿನ ವರ್ಷ ಅವನ ತೊಡೆಯಿಂದ ತೆಗೆದಿದ್ದ ಚೂರು ಫ್ರೀಜರಿನಲ್ಲಿ ಇನ್ನೂ ಇದೆ, ತೆಗೆದ ದಿನ ಹೇಗಿತ್ತೋ ಹಾಗೆಯೇ.

“ಥೆಕ್ಲಾಗೋಸ್ಕರ ಕೇಳ್ತಿದ್ದೀನಿ,” ಎಂದಳು ಮೆಲ್ಪೊ. “ಮೆಟ್ಟಿಲು ಹತ್ತುವಾಗ ಅವಳೂ ಮೊಣಕಾಲಿಗೆ ಕೈ ಊರ್ತಾಳೆ ಅಲ್ವಾ?”

ಪೊಲಿಕ್ಸೇನಿಗೆ ಉಳಿದಿರುವ ಮಗು ಥೆಕ್ಲಾ ಒಬ್ಬಳೇ.

“ಸ್ನಾಯುವಿನ ಎಳೆ ಎಳೆಗೂ ಒಂದು ಅಂಚಿರತ್ತೆ ಅಮ್ಮ, ಬಟ್ಟೆಗೆ ಇರೋ ಹಾಗೆ. ಆ ಅಂಚನ್ನ ಹಿಡಿದಿಡೋಕೆ ಕೆಲವು ಪ್ರೋಟೀನುಗಳಿವೆ. ನಾವು ಬಣ್ಣ ಹಾಕಿದ್ರೆ ಅವು ಇರೋ ಕಡೆ ಹೊಳೆಯತ್ತೆ. ಥೆಕ್ಲಾಳ ಚೂರಲ್ಲಿ ಒಂದು ಪ್ರೋಟೀನು ಮಸುಕಾಗಿದೆ. ಇದೆ ಅನ್ನೋ ಹಾಗೂ ಇಲ್ಲ, ಇಲ್ಲ ಅನ್ನೋ ಹಾಗೂ ಇಲ್ಲ. ಅಣ್ಣನದರಲ್ಲಿ ಅದೇ ಪ್ರೋಟೀನು ಇಲ್ಲದಿದ್ರೆ, ಇದು ಹೃದಯವನ್ನೂ ಹಿಡಿಯೋ ಜಾತಿಯ ರೋಗ ಅಂತ ಗೊತ್ತಾಗತ್ತೆ. ಅವಳ ಹೃದಯವನ್ನ ಈಗಿನಿಂದಲೇ ಕಾಯಬಹುದು.”

“ಅವನದನ್ನ ಯಾರೂ ಕಾಯಲಿಲ್ಲ.”

“ಆಗ ಇಲ್ಲಿ ಈ ಬಣ್ಣ ಇರಲಿಲ್ಲ.”

ಪೊಲಿಕ್ಸೇನಿ ಸೀಸೆಯನ್ನು ಸ್ವಲ್ಪ ಸರಿಸಿದಳು. “ಎಷ್ಟು ಬೇಕು ನಿನಗೆ?”

“ಈರುಳ್ಳಿಯ ಪೊರೆಗಿಂತ ತೆಳ್ಳಗೆ, ನಾಲ್ಕು ಪದರ.”

“ಉಳಿದದ್ದು ನನ್ನದು. ಮಣ್ಣಿಗೆ ಸೇರಿಸ್ತೀನಿ. ನನ್ನ ಮಗ ಅರ್ಧ ಅಲ್ಲಿ, ಅರ್ಧ ಇಲ್ಲಿ ಅಲೆಯೋದು ಬೇಡ.”

“ಆಗಲಿ, ಉಳಿದದ್ದು ನಿಮ್ಮದೇ.”

ಸಹಿ ಹಾಕಿ ಅವಳು ಹೊರಗಿನ ಬೆಂಚಿನಲ್ಲಿ ಜಪದ ದಾರದ ಗಂಟುಗಳನ್ನು ಸರಿಸುತ್ತ ಕುಳಿತಳು. ಮಧ್ಯಾಹ್ನ ಕಳೆದ ಮೇಲೆ ಮೆಲ್ಪೊ ಕರೆದಳು. ಕಿಟಕಿಯಿಲ್ಲದ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ಹಸಿರು ಬೆಳಕಿನ ಬಲೆಯೊಂದು ಕಾಣಿಸಿತು. ಪ್ರತಿಯೊಂದು ಕಣ್ಣಿಯೂ ಹೊಳೆಯುತ್ತಿತ್ತು.

“ಇವನಾ?”

“ಅಲ್ಲ. ಹೋಲಿಸೋಕೆ ಇಟ್ಟದ್ದು, ಯಾರೋ ಆರೋಗ್ಯವಂತರದು.”

“ಹೆತ್ತವಳು ಪುಣ್ಯವಂತೆ.”

ಮೆಲ್ಪೊ ಗಾಜನ್ನು ಬದಲಿಸಿದಳು. ಕತ್ತಲೆ. ಪೊಲಿಕ್ಸೇನಿ ರೆಪ್ಪೆ ಬಡಿದು ಮತ್ತೆ ನೋಡಿದಳು.

“ಎಲ್ಲಿದ್ದಾನೆ?”

“ಅಲ್ಲೇ ಇದ್ದಾನೆ ಅಮ್ಮ. ಅಂಚು ಹೊಳೀತಿಲ್ಲ ಅಷ್ಟೇ. ನಮಗೆ ಬೇಕಾಗಿದ್ದ ಉತ್ತರ ಇದೇ. ನಿಮ್ಮೂರಿನ ಹೃದಯದ ಡಾಕ್ಟರಿಗೆ ಇವತ್ತೇ ಫೋನ್ ಮಾಡ್ತೀನಿ.”

ಅವಳು ಕಣ್ಣು ಕೀಳಲಿಲ್ಲ. ಕತ್ತಲೆಗೆ ಹೊಂದಿಕೊಂಡ ಮೇಲೆ, ಒಂದಕ್ಕೊಂದು ಒತ್ತಿಕೊಂಡ ಮಬ್ಬು ಗುಂಡುಗಳು ಕಂಡವು. ಆ ತೊಡೆಗೆ ಐದು ಚಳಿಗಾಲ ಆಲಿವ್ ಎಣ್ಣೆ ಬಿಸಿಮಾಡಿ ತಿಕ್ಕಿದ್ದಳು. ಸಾಲದೇನೋ, ಇನ್ನೂ ಒತ್ತಿ ತಿಕ್ಕಬೇಕೇನೋ ಎಂದು ಅಂಗೈ ಉರಿಯುವ ತನಕ ತಿಕ್ಕಿದ್ದಳು. ಅಮ್ಮಾ ಸಾಕು, ನಾನೇನು ಹಿಟ್ಟಿನ ಮುದ್ದೆಯಾ ಎಂದು ಅವನು ನಗುತ್ತಿದ್ದ.

ಮಾತು ಕೊಟ್ಟಂತೆ ಮೆಲ್ಪೊ ದಪ್ಪ ಕೈಗವಸು ತೊಟ್ಟು ಫ್ರೀಜರಿನ ಪೆಟ್ಟಿಗೆಯೊಂದನ್ನು ತಂದು ಮುಚ್ಚಳ ತೆಗೆದಳು. ಬಿಳಿಯ ಹೊಗೆ ಮೇಜಿನಂಚಿನಿಂದ ಕೆಳಗಿಳಿಯಿತು. ಒಳಗೆ ಬೆರಳ ತುದಿಯಷ್ಟು ಚೂರು, ನಸುಗೆಂಪು.

“ಮುಟ್ಟಬೇಡಿ, ಬೆರಳು ಅಂಟಿಕೊಳ್ಳತ್ತೆ. ಹಡಗು ಊರು ಮುಟ್ಟೋ ಹೊತ್ತಿಗೆ ಇದು ಮೆತ್ತಗಾಗಿ ಕೆಡೋಕೆ ಶುರುವಾಗಿರತ್ತೆ.”

“ಕರಗಲಿ ಅಂತ ತಾನೇ ಒಯ್ಯೋದು,” ಎಂದಳು ಪೊಲಿಕ್ಸೇನಿ.

ಆದರೆ ಕೈ ಚಾಚಲಿಲ್ಲ. ಮೂಳೆಗೆ ಆ ಬಣ್ಣ ಇರಲಿಲ್ಲ. ಫೋಟೋದಲ್ಲೂ ಇರಲಿಲ್ಲ. ಅವನು ತೀರಿಕೊಂಡ ಮೇಲಿನ ಹನ್ನೊಂದು ವರ್ಷದಲ್ಲಿ ಅವಳು ಎಲ್ಲೂ ನೋಡಿರದ ಬಣ್ಣ ಅದು.

“ಒಳಗಿಡು.”

“ಇದನ್ನ ಮಣ್ಣು ಮಾಡೋಕೆ ಪಾದ್ರಿಗಳು ಪತ್ರ ಕೊಟ್ಟು ಕಳಿಸಿದ್ದಾರಲ್ಲ ಅಮ್ಮ?”

“ಪಾದ್ರಿಗೆ ನಾನು ಹೇಳ್ಕೋತೀನಿ. ದೇವರು ಕೇಳಿದ್ರೂ ಹೇಳ್ತೀನಿ, ಹುಡುಗನ ಪಾಪ ಏನಿಲ್ಲ, ತಾಯಿ ಬಿಡಲಿಲ್ಲ ಅಂತ.”

ಮೆಲ್ಪೊ ಪೆಟ್ಟಿಗೆ ಹಿಡಿದುಕೊಂಡೇ ನಿಂತಿದ್ದಳು.

“ನಿಂತು ನೋಡ್ತೀಯಲ್ಲೇ,” ಎಂದು ಪೊಲಿಕ್ಸೇನಿ ಗದರಿದಳು. “ಬೇಗ ಮುಚ್ಚಳ ಹಾಕು, ಮಗೂಗೆ ಸೆಕೆ ತಗಲೀತು.”